ನಿಂತ ಕಾಲಿನ ನೌಕರಿ

"ಈ ಸಲದ ವಾರ್ಷಿಕ ಸಂಚಿಕೆಗೆ ನೀನೂ ಏನಾದರೂ ಬರೆದುಕೊಡಬೇಕು" ಎಂದು ನಮ್ಮ ಕನ್ನಡ ಅಧ್ಯಾಪಕರು ಅಪ್ಪಣೆ ಮಾಡಿದಾಗ ನನಗೆ ದಿಗಿಲಾಯಿತು. ಕವಿತೆ ನನ್ನ ಕೈಗೆ ಹತ್ತದು. ಕಥೆ ಹೊಸೆಯುವ ಕಲೆ ನನಗೆ ಒಲಿದಿಲ್ಲ. ಪ್ರವಾಸಕಥನ ಬರೆಯೋಣವೆಂದರೆ ನಾನು ಮಾಡಿರುವ ಪ್ರವಾಸವೆಲ್ಲ ದೊಡ್ಡಗದ್ದವಳ್ಳಿಯಿಂದ ಹಾಸನಕ್ಕೆ, ಮತ್ತೆ ಹಾಸನದಿಂದ ದೊಡ್ಡಗದ್ದವಳ್ಳಿಗೆ. "ಹಾಗಾದರೆ ನಿನಗೆ ಚೆನ್ನಾಗಿ ಗೊತ್ತಿರುವುದು ಯಾವುದು?" ಎಂದು ಕೇಳಿದರು. ಸ್ವಲ್ಪ ಹೊತ್ತು ಯೋಚಿಸಿ, "ತೊಗರಿಬೇಳೆಯ ಬೆಲೆ, ಸರ್" ಎಂದೆ. ತರಗತಿಯಲ್ಲಿದ್ದವರೆಲ್ಲ ನಕ್ಕರು. ಅವರು ಮಾತ್ರ ನಗಲಿಲ್ಲ. "ಅದನ್ನೇ ಬರೆ" ಎಂದರು. ಆದ್ದರಿಂದ ಈ ಲೇಖನದ ತಪ್ಪುಗಳನ್ನು ವಾಚಕರು ಅರ್ಧ ನನ್ನ ಲೆಕ್ಕಕ್ಕೂ ಅರ್ಧ ಅವರ ಲೆಕ್ಕಕ್ಕೂ ಬರೆದುಕೊಳ್ಳಬೇಕೆಂದು ಪ್ರಾರ್ಥನೆ.

ನಾನು ಹಾಸನದ ಒಂದು ದೊಡ್ಡ ಮಳಿಗೆಯಲ್ಲಿ ಬಿಲ್ಲು ಹಾಕುವ ಕೆಲಸ ಮಾಡುತ್ತೇನೆ. ಊರೂರಿಗೂ ಶಾಖೆಗಳಿರುವ, ಎಲ್ಲ ಶಾಖೆಗಳಲ್ಲೂ ಒಂದೇ ಬಣ್ಣ ಒಂದೇ ದೀಪ ಒಂದೇ ಹಾಡು ಇರುವ ಮಳಿಗೆಗಳಲ್ಲಿ ಅದೂ ಒಂದು. ಅದರ ಹೆಸರು ಹೇಳುವುದು ಉಚಿತವಲ್ಲ. ಎರಡನೆಯ ವರ್ಷದ ಪರೀಕ್ಷೆ ಮುಗಿದ ರಜೆಯಲ್ಲಿ ಪೂರ್ಣಾವಧಿಗೆ ಸೇರಿದೆ. ಕಾಲೇಜು ತೆರೆದ ಮೇಲೆ ಭಾನುವಾರ ಮತ್ತು ರಜಾದಿನಗಳಲ್ಲಿ ದಿನಗೂಲಿಯ ಮೇಲೆ ಹೋಗುತ್ತಿದ್ದೇನೆ. ನನ್ನ ಸಹಪಾಠಿಗಳಲ್ಲಿ ಹಲವರಿಗೆ ಈ ವಿಷಯ ಗೊತ್ತು. ಗೊತ್ತಿದ್ದೂ ಗೊತ್ತಿಲ್ಲದಂತೆ ಇರುವುದು ಅವರ ಸೌಜನ್ಯ. ಅವರು ನನ್ನ ಮುಂದೆ ಸಾಮಾನು ಇಟ್ಟು, ಮೊಬೈಲಿನೊಳಗೆ ಮುಖ ಹುದುಗಿಸಿಕೊಂಡು ನಿಲ್ಲುತ್ತಾರೆ. ನಾನೂ ಅಷ್ಟೇ ಸೌಜನ್ಯದಿಂದ "ಕ್ಯಾರಿ ಬ್ಯಾಗ್ ಬೇಕಾ, ಸರ್?" ಎಂದು ಕೇಳುತ್ತೇನೆ. ಮರುದಿನ ತರಗತಿಯಲ್ಲಿ ಇಬ್ಬರೂ ಒಂದೇ ಬೆಂಚಿನ ಎರಡು ತುದಿಗಳಲ್ಲಿ ಕುಳಿತು ಹೊಯ್ಸಳರ ಇತಿಹಾಸ ಕೇಳುತ್ತೇವೆ.

ಸೇರಿದ ಬಗೆಯನ್ನು ಹೇಳಬೇಕು. ಮನೆಯ ಹಿಂಭಾಗದ ಹೆಂಚು ಮಳೆಗೆ ಮೊದಲು ಬದಲಾಯಿಸಬೇಕಾಗಿತ್ತು. ಅಪ್ಪನ ಕೈಯಲ್ಲಿ ದುಡ್ಡಿರಲಿಲ್ಲ. ಪರಿಚಯದವರೊಬ್ಬರು ಹೇಳಿದರೆಂದು ಒಂದು ಬೆಳಿಗ್ಗೆ ಅಂಕಪಟ್ಟಿ, ಆಧಾರ್, ಎರಡು ಭಾವಚಿತ್ರ ಹಿಡಿದು ಹೋದೆ. ಸಂದರ್ಶನವೆಂದರೆ ಪ್ರಶ್ನೆಗಳ ಸುರಿಮಳೆಯೆಂದು ಭಾವಿಸಿ ಹಿಂದಿನ ರಾತ್ರಿ ರಾಜ್ಯಗಳ ರಾಜಧಾನಿಗಳನ್ನೆಲ್ಲ ಬಾಯಿಪಾಠ ಮಾಡಿದ್ದೆ. ವ್ಯವಸ್ಥಾಪಕರು ಅಂಕಪಟ್ಟಿಯನ್ನು ತೆರೆದು ನೋಡಲಿಲ್ಲ. ನನ್ನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿ, "ನಿಂತ್ಕೊಳ್ಳೋಕೆ ಆಗುತ್ತೇನಮ್ಮಾ?" ಎಂದು ಒಂದೇ ಪ್ರಶ್ನೆ ಕೇಳಿದರು. ಆಗುತ್ತದೆಂದೆ. ಹುಟ್ಟಿದ ಒಂದು ವರ್ಷಕ್ಕೇ ನಿಲ್ಲಲು ಕಲಿತವಳು ನಾನು, ಅದರಲ್ಲೇನು ಎಂದುಕೊಂಡೆ. ಆ ಪ್ರಶ್ನೆಯ ಅರ್ಥ ನನಗೆ ಆದದ್ದು ಸಂಜೆಯ ಹೊತ್ತಿಗೆ.

ಮೊದಲ ದಿನ ಸಾಯಂಕಾಲ ಬಸ್ಸಿನಲ್ಲಿ ಕುಳಿತಾಗ ಕಾಲುಗಳು ನನ್ನವೆಂದು ಅನ್ನಿಸಲಿಲ್ಲ. ಹಿಮ್ಮಡಿಯಿಂದ ಸೊಂಟದವರೆಗೆ ಯಾರೋ ಹುರಿ ಹೊಸೆದಂತಿತ್ತು. ಬೇಲೂರು ರಸ್ತೆಯಿಂದ ನಮ್ಮೂರಿಗೆ ತಿರುಗುವ ಕಡೆ ಅಪ್ಪ ಟಿ.ವಿ.ಎಸ್. ನಿಲ್ಲಿಸಿಕೊಂಡು ಕಾಯುತ್ತಿದ್ದರು. "ಹೆಂಗಿತ್ತವ್ವ?" ಎಂದರು. "ಚೆನ್ನಾಗಿತ್ತಪ್ಪ, ಎಲ್ಲ ಎ.ಸಿ." ಎಂದೆ. ಅಂದು ರಾತ್ರಿ ಅವ್ವ ಕೇಳದೆಯೇ ಬಿಸಿನೀರಿಗೆ ಉಪ್ಪು ಹಾಕಿ ಕಾಲ ಬಳಿ ತಂದಿಟ್ಟಳು. ಕಳೆ ಕೀಳುವವಳಿಗೆ, ನಾಟಿ ಹಾಕುವವಳಿಗೆ ಕಾಲಿನ ಭಾಷೆ ಗೊತ್ತಿರುತ್ತದೆ.

ಈ ನಿಲ್ಲುವ ವಿಷಯದಲ್ಲಿ ಕುತೂಹಲ ಹುಟ್ಟಿ ನಾನು ಗ್ರಂಥಾಲಯದಲ್ಲಿ ಸ್ವಲ್ಪ ಓದಿದೆ. ನಮ್ಮ ರಾಜ್ಯದಲ್ಲಿ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆ ಬಂದದ್ದು 1961ರಲ್ಲಿ. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ, ವಾರದಲ್ಲಿ ಒಂದು ದಿನ ಪೂರ್ತಿ ಬಿಡುವು ಎಂದು ಅದನ್ನು ಬರೆದವರು ಅಂದೇ ಗೊತ್ತುಮಾಡಿದರು. ಅಷ್ಟು ಹೊತ್ತನ್ನು ಕುಳಿತು ಕಳೆಯಬೇಕೋ ನಿಂತು ಕಳೆಯಬೇಕೋ ಎಂಬುದು ಆಗ ಯಾರಿಗೂ ಹೊಳೆದಿರಲಾರದು. ಕೇರಳದ ಕೋಳಿಕ್ಕೋಡಿನಲ್ಲಿ ವಿಜಿ ಎಂಬ ಹೊಲಿಗೆ ಕೆಲಸದ ಮಹಿಳೆ ಬಟ್ಟೆ ಅಂಗಡಿಗಳ ಹೆಂಗಸರನ್ನು ಕೂಡಿಸಿ 'ಪೆಣ್‌ಕೂಟ್ಟು' ಎಂಬ ಸಂಘ ಕಟ್ಟಿದರು. ಅವರು ಮೊದಲು ಕೇಳಿದ್ದು ಶೌಚಾಲಯ, ಆಮೇಲೆ ಕುರ್ಚಿ. ಹಲವು ವರ್ಷಗಳ ಹೋರಾಟದ ಫಲವಾಗಿ 2018ರಲ್ಲಿ ಕೇರಳ ಸರ್ಕಾರ ಅಂಗಡಿಯ ಕೆಲಸಗಾರರಿಗೆ ಆಸನ ಕೊಡಬೇಕೆಂದು ಕಾಯಿದೆ ತಿದ್ದಿತು. 2021ರಲ್ಲಿ ತಮಿಳುನಾಡು ಅದೇ ದಾರಿ ಹಿಡಿಯಿತು. ಸ್ವಾತಂತ್ರ್ಯ, ಸಮಾನತೆ ಮೊದಲಾದ ದೊಡ್ಡ ಹಕ್ಕುಗಳ ಬಗ್ಗೆ ನಾವು ರಾಜ್ಯಶಾಸ್ತ್ರದಲ್ಲಿ ಹತ್ತು ಹತ್ತು ಅಂಕದ ಉತ್ತರ ಬರೆಯುತ್ತೇವೆ. ಕುಳಿತುಕೊಳ್ಳುವುದೂ ಒಂದು ಹಕ್ಕು, ಅದನ್ನೂ ಕೇಳಿಯೇ ಪಡೆಯಬೇಕು ಎಂಬುದನ್ನು ನಾನು ಕಲಿತದ್ದು ಮಾತ್ರ ನಾಲ್ಕನೆಯ ಕೌಂಟರಿನಲ್ಲಿ.

ಇನ್ನು ಮಳಿಗೆಯ ಒಳಗಿನ ಸಂಗತಿ. ಗಿರಾಕಿಯೇ ಒಳಗೆ ನುಗ್ಗಿ ತನಗೆ ಬೇಕಾದ್ದನ್ನು ತಾನೇ ತೆಗೆದುಕೊಳ್ಳುವ ಈ ಪದ್ಧತಿ ಇಂದು ನಮಗೆ ಸಹಜವಾಗಿ ತೋರುತ್ತದೆ. ಅದಕ್ಕೂ ಒಂದು ಹುಟ್ಟಿದ ದಿನವಿದೆ. 1916ರಲ್ಲಿ ಅಮೆರಿಕದ ಮೆಂಫಿಸ್ ನಗರದಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬಾತ 'ಪಿಗ್ಲಿ ವಿಗ್ಲಿ' ಎಂಬ ತಮಾಷೆಯ ಹೆಸರಿನ ಅಂಗಡಿ ತೆರೆದು ಇದನ್ನು ಆರಂಭಿಸಿದ. ಜನ ಕೈಯಲ್ಲಿ ಹಿಡಿಯುವಷ್ಟೇ ಕೊಳ್ಳುತ್ತಾರೆಂದು ಮತ್ತೊಬ್ಬ ವರ್ತಕನಿಗೆ ಚಿಂತೆಯಾಗಿ, 1937ರಲ್ಲಿ ಓಕ್ಲಹೋಮದಲ್ಲಿ ಬುಟ್ಟಿಗೆ ಗಾಲಿ ಹಚ್ಚಿದ. ಅದೇ ಇಂದಿನ ಟ್ರಾಲಿ. ನಮ್ಮ ಕಡೆ, ನೀಲಗಿರಿಯಲ್ಲಿ 1905ರಲ್ಲಿ ಹಾಲು ಬೆಣ್ಣೆಯ ವ್ಯಾಪಾರವಾಗಿ ಹುಟ್ಟಿದ ನೀಲಗಿರೀಸ್ 1936ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಗೆ ಬಂದಿತು. 2001ರಲ್ಲಿ ಬಿಗ್ ಬಜಾರ್, 2002ರಲ್ಲಿ ಮುಂಬಯಿಯಲ್ಲಿ ಡಿಮಾರ್ಟ್, 2006ರಲ್ಲಿ ಹೈದರಾಬಾದಿನಲ್ಲಿ ರಿಲಯನ್ಸ್ ಫ್ರೆಶ್ ಹೀಗೆ ಸಾಲುಗಟ್ಟಿ ಬಂದವು. ಬಂದವೆಲ್ಲ ಉಳಿಯಲಿಲ್ಲ. 2022ರಲ್ಲಿ ಬಿಗ್ ಬಜಾರಿನ ಮಳಿಗೆಗಳು ಮುಚ್ಚಿ ಹಲವು ಕೈ ಬದಲಾದವು. ಇಷ್ಟು ದೊಡ್ಡ ಅಂಗಡಿಗೂ ನಮ್ಮೂರಿನ ಅಂಗಡಿಯಂತೆಯೇ ದಿವಾಳಿಯ ಭಯವಿರುತ್ತದೆಂದು ತಿಳಿದು ನನಗೇಕೋ ಆಶ್ಚರ್ಯವಾಯಿತು.

ಮಳಿಗೆಯಲ್ಲಿ ಯಾವ ವಸ್ತುವೂ ತಾನಾಗಿ ಒಂದು ಜಾಗದಲ್ಲಿ ಕುಳಿತಿರುವುದಿಲ್ಲ. ಎಲ್ಲರಿಗೂ ಬೇಕಾದ ಅಕ್ಕಿ, ಬೇಳೆ, ಎಣ್ಣೆ ತೀರ ಒಳಗಡೆ. ಅಲ್ಲಿಗೆ ತಲುಪುವಷ್ಟರಲ್ಲಿ ಬೇಡವಾದ ಹತ್ತು ಸಾಮಾನು ಕಣ್ಣಿಗೆ ಬಿದ್ದಿರಬೇಕು. ಲಾಭ ಹೆಚ್ಚು ತರುವ ಸಾಮಾನು ದೊಡ್ಡವರ ಕಣ್ಣಿನ ಎತ್ತರದಲ್ಲಿ, ಮಕ್ಕಳ ಮಿಠಾಯಿ ಮಕ್ಕಳ ಕಣ್ಣಿನ ಎತ್ತರದಲ್ಲಿ. ಹಳೆಯ ದಿನಾಂಕದ ಸರಕು ಮುಂದೆ, ಹೊಸದು ಹಿಂದೆ. ಮೊದಲು ಬಂದದ್ದು ಮೊದಲು ಹೋಗಬೇಕು. ಇದು ತಿಳಿದ ಗೃಹಿಣಿಯರು ಕೈಯನ್ನು ಮೊಣಕೈವರೆಗೆ ಒಳಗೆ ತೂರಿಸಿ ಹಿಂದಿನ ಹಾಲಿನ ಪೊಟ್ಟಣವನ್ನೇ ಎಳೆಯುತ್ತಾರೆ. ಅಂಥವರನ್ನು ಕಂಡರೆ ನಮಗೆಲ್ಲ ಒಳಗೊಳಗೇ ಗೌರವ.

ಪ್ರತಿಯೊಂದು ಪೊಟ್ಟಣದ ಮೇಲೂ ಕಪ್ಪು ಗೆರೆಗಳ ಒಂದು ಗುರುತು ಇರುತ್ತದಷ್ಟೆ. 1974ರ ಜೂನ್ 26ರಂದು ಅಮೆರಿಕದ ಓಹಾಯೋದ ಟ್ರಾಯ್ ಎಂಬ ಊರಿನ ಅಂಗಡಿಯಲ್ಲಿ ಒಂದು ಪೊಟ್ಟಣ ಚ್ಯೂಯಿಂಗ್ ಗಮ್ಮಿನ ಮೇಲಿನ ಇಂಥ ಗುರುತನ್ನು ಯಂತ್ರ ಮೊದಲ ಬಾರಿಗೆ ಓದಿತಂತೆ. ನಮ್ಮಲ್ಲಿ ಕಾಣುವ ಗುರುತಿನ ಕೆಳಗೆ ಸಾಮಾನ್ಯವಾಗಿ ಹದಿಮೂರು ಅಂಕಿಗಳಿರುತ್ತವೆ. ಮೊದಲ ಮೂರು 890 ಆಗಿದ್ದರೆ ಆ ಸಂಖ್ಯೆಯನ್ನು ಭಾರತದಲ್ಲಿ ನೋಂದಾಯಿಸಿದ್ದಾರೆಂದು ಅರ್ಥ. ಕೊನೆಯ ಅಂಕಿ ಕಾವಲುಗಾರ. ಉಳಿದ ಹನ್ನೆರಡನ್ನು ಒಂದು ಕ್ರಮದಲ್ಲಿ ಗುಣಿಸಿ ಕೂಡಿದರೆ ಅದು ಸರಿಹೋಗಬೇಕು; ಹೋಗದಿದ್ದರೆ ಯಂತ್ರ ಮುನಿಸಿಕೊಳ್ಳುತ್ತದೆ. ಸಾಮಾನು ಸರಿಯಾಗಿ ಓದಿದಾಗಲೆಲ್ಲ 'ಬೀಪ್' ಎಂದು ಒಂದು ಸದ್ದು. ದಿನಕ್ಕೆ ಎಷ್ಟು ಸಾವಿರ ಸಲವೋ ಎಣಿಸಿದವರಿಲ್ಲ. ಮೊದಲ ವಾರ ನಿದ್ದೆಯಲ್ಲೂ ಆ ಸದ್ದು ಕೇಳಿಸುತ್ತಿತ್ತು. ಒಂದು ರಾತ್ರಿ ನಾನು ದಿಂಬನ್ನು ಅತ್ತಿಂದಿತ್ತ ತಿರುಗಿಸಿ ಗುರುತು ಹುಡುಕುತ್ತಿದ್ದೆನೆಂದು ತಂಗಿ ಇಂದಿಗೂ ಎಲ್ಲರೆದುರು ಹೇಳಿ ನಗುತ್ತಾಳೆ.

ಅಪ್ಪನಿಗೆ ಇವಾವುದರಲ್ಲೂ ಆಸಕ್ತಿಯಿಲ್ಲ. ಅವರು ಕೇಳಿದ್ದು ಒಂದೇ ಮಾತು: "ನಿಮ್ಮಂಗ್ಡೀಲಿ ಆಲೂಗೆಡ್ಡೆ ಏನ್ ರೇಟು?" ನಮ್ಮ ಹೊಲದಲ್ಲೂ ಮುಂಗಾರಿಗೆ ಸ್ವಲ್ಪ ಆಲೂಗೆಡ್ಡೆ ಹಾಕುತ್ತೇವೆ. ಅಂಗಮಾರಿ ಬಾರದಿದ್ದ ವರ್ಷ ನಾಲ್ಕು ಕಾಸು. ಬೆಲೆ ಹೇಳಿದೆ. ಅವರಿಗೆ ಮಾರುಕಟ್ಟೆಯಲ್ಲಿ ಸಿಕ್ಕಿದ್ದರ ಎರಡರಷ್ಟಿತ್ತು. ಅಪ್ಪ ಕಾಫಿ ಮುಗಿಸುವವರೆಗೂ ಮಾತಾಡಲಿಲ್ಲ. ನಾನು ಮಳಿಗೆಯ ಪರ ವಕಾಲತ್ತು ವಹಿಸಿ, ಬೆಳಿಗ್ಗೆ ಕೊಳೆತ ತರಕಾರಿಯನ್ನು ತೂಗಿ, ಪುಸ್ತಕದಲ್ಲಿ ಬರೆದು ಎಸೆಯುವುದನ್ನೂ, ಬಾಡಿಗೆಯನ್ನೂ, ಕರೆಂಟಿನ ಖರ್ಚನ್ನೂ ವಿವರಿಸಿದೆ. "ಅವ್ರು ಕೊಳೆತಿದ್ನ ಲೆಕ್ಕದಾಗೆ ಬರೀತಾರೆ. ನಮ್ದು ಹೊಲದಾಗೇ ಕೊಳೆತ್ರೆ ಯಾವ ಬುಕ್ಕಿನಾಗೆ ಬರಿಯಾನೆ?" ಎಂದರು. ಅರ್ಥಶಾಸ್ತ್ರದ ಯಾವ ಪುಸ್ತಕದಲ್ಲಿ ಇದಕ್ಕೆ ಉತ್ತರವಿದೆಯೋ ನಾನರಿಯೆ.

ಲೆಕ್ಕದ ಪುಸ್ತಕವೆಂದಾಗ ನಮ್ಮೂರಿನ ಅಂಗಡಿಯ ಮಾತು ಬಾರದಿರದು. ದೊಡ್ಡ ಮಳಿಗೆಗಳು ಬಂದು ಸಣ್ಣ ಅಂಗಡಿಗಳನ್ನು ನುಂಗಿದವು, ಹಳೆಯ ಅಂಗಡಿಯವನ ಪ್ರೀತಿ ವಿಶ್ವಾಸ ಈಗೆಲ್ಲಿ ಎಂದು ಚರ್ಚಾಸ್ಪರ್ಧೆಗಳಲ್ಲಿ ಕಣ್ಣೀರು ತರಿಸುವಂತೆ ಮಾತಾಡುವವರನ್ನು ಕೇಳಿದ್ದೇನೆ. ನನಗೆ ಅಷ್ಟು ಸುಲಭವಾಗಿ ಕಣ್ಣೀರು ಬರುವುದಿಲ್ಲ. ನನಗೆ ಹತ್ತು ವರ್ಷವಿದ್ದಾಗ ಸಾಲದ ಪುಸ್ತಕ ಹಿಡಿದು ಅಂಗಡಿಗೆ ಹೋಗುವ ಕೆಲಸ ನನ್ನದಾಗಿತ್ತು. ಮಾಸಿದ ರಟ್ಟಿನ ಒಂದು ಚಿಕ್ಕ ಪುಸ್ತಕ. ಅದರ ಮೇಲೆ ಅಪ್ಪನ ಹೆಸರು. ಅವ್ವ ಜೊತೆಗೆ ಬಂದ ದಿನ ನಾವು ಕಟ್ಟೆಯ ಪಕ್ಕದಲ್ಲಿ ನಿಂತು, ನಗದು ಕೊಟ್ಟು ಕೊಳ್ಳುವವರೆಲ್ಲ ಹೋಗುವವರೆಗೆ ಕಾಯುತ್ತಿದ್ದೆವು. ಆಮೇಲೆ ಅವ್ವ ಮೆಲ್ಲಗೆ, "ಒಂದರ್ಧ ಕೇಜಿ ಸಕ್ಕರೆ" ಎನ್ನುತ್ತಿದ್ದಳು. ಅಂಗಡಿಯವರು ಕೆಟ್ಟವರಲ್ಲ. ಅಜ್ಜ ತೀರಿಕೊಂಡ ದಿನ ಕೇಳದೆಯೇ ಅಕ್ಕಿಯ ಮೂಟೆ ಕಳಿಸಿದವರು ಅವರೇ. ಆದರೆ ಒಂದು ಸಂಜೆ ನಾಲ್ಕು ಜನರೆದುರು, "ಹಿಂದಿನ ಬಾಕಿ ಯಾವಾಗವ್ವಾ?" ಎಂದು ಗಟ್ಟಿಯಾಗಿ ಕೇಳಿದವರೂ ಅವರೇ. ಅಂದು ಅವ್ವ ಮನೆಯ ತನಕ ಮಾತಾಡಲಿಲ್ಲ. ಸಕ್ಕರೆಯನ್ನೂ ತರಲಿಲ್ಲ.

ಆದ್ದರಿಂದ ನಿಜ ಹೇಳಿಬಿಡುತ್ತೇನೆ: ದೊಡ್ಡ ಮಳಿಗೆ ಮೊದಮೊದಲು ನನಗೆ ಬಹಳ ಹಿಡಿಸಿತು. ಅಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ. ಬೆಲೆ ಎಲ್ಲರಿಗೂ ಒಂದೇ. ವಕೀಲರ ಹೆಂಡತಿಯೂ ಗಾರೆ ಕೆಲಸದವಳೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ, ಒಂದೇ ಯಂತ್ರ ಒಂದೇ ಸದ್ದು ಮಾಡುತ್ತದೆ. ನಿನ್ನ ಜಾತಿ ಯಾವುದು, ಊರು ಯಾವುದು, ಬಾಕಿ ಎಷ್ಟು ಎಂಬುದು ಅದಕ್ಕೆ ಬೇಡ. ಅವ್ವನನ್ನು ಒಂದು ಸಲ ಇಲ್ಲಿಗೆ ಕರೆತಂದು, ಟ್ರಾಲಿ ತಳ್ಳಿಸಿ, ನಗದು ಕೊಟ್ಟು ಸಕ್ಕರೆ ಕೊಡಿಸಬೇಕೆಂದು ನನಗೆ ಆಸೆಯಿತ್ತು. ಮೊದಲ ಸಂಬಳ ಬಂದಾಗ ಹಾಗೆಯೇ ಮಾಡಿದೆ. ಶೇಕಡ 12 ಭವಿಷ್ಯನಿಧಿಗೆ, ಶೇಕಡ 0.75 ಇ.ಎಸ್.ಐ.ಗೆ ಮುರಿದುಕೊಂಡು ಕೈಗೆ ಬಂದದ್ದು 11,000 ರೂಪಾಯಿಯ ಮೇಲೆ ಸ್ವಲ್ಪ ಚಿಲ್ಲರೆ. 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಗೆ ದುಡ್ಡಿಲ್ಲವಾದ್ದರಿಂದ ಅದರಲ್ಲಿ ಕಂಡಕ್ಟರರಿಗೆ ಪಾಲಿರಲಿಲ್ಲ. ಹೆಂಚಿಗೆ ಎತ್ತಿಟ್ಟು ಉಳಿದದ್ದರಲ್ಲಿ ಅವ್ವ ಎರಡು ಕೇಜಿ ಸಕ್ಕರೆ ಕೊಂಡಳು. ಬಿಲ್ಲನ್ನು ಮಡಿಸಿ ರವಿಕೆಯೊಳಗೆ ಇಟ್ಟುಕೊಂಡಳು.

ಆದರೆ ಆ ಯಂತ್ರದ ನಿಷ್ಪಕ್ಷಪಾತಕ್ಕೆ ಇನ್ನೊಂದು ಮುಖವಿದೆಯೆಂದು ಸ್ವಲ್ಪ ದಿನಗಳಲ್ಲೇ ತಿಳಿಯಿತು. ನಮ್ಮೂರಿನ ಅಜ್ಜಿಯೊಬ್ಬರು ಕಣ್ಣು ತೋರಿಸಲು ಹಾಸನದ ಆಸ್ಪತ್ರೆಗೆ ಬಂದವರು, ಮೊಮ್ಮಗನನ್ನು ಕರೆದುಕೊಂಡು ಮಳಿಗೆಗೂ ಬಂದರು. ನನ್ನನ್ನು ಕಂಡು ಅವರಿಗೆ ಹಿಡಿಸಲಾರದ ಸಂತೋಷ. "ನಮ್ಮೂರ್ ಮಗ ಐತೆ, ಇಲ್ಲೇ ಬಾ" ಎಂದು ಮೊಮ್ಮಗನನ್ನು ಎಳೆದುಕೊಂಡು ನನ್ನ ಸಾಲಿಗೇ ಬಂದರು. ಬೇಳೆ, ಎಣ್ಣೆ, ಮಗುವಿಗೆ ಬಿಸ್ಕತ್ತು, ಒಂದು ಮೈಸೋಪು. ಬಿಲ್ಲು ಹಾಕಿದೆ. ಸೆರಗಿನ ಗಂಟು ಬಿಚ್ಚಿ ಎಣಿಸಿದರು. 37 ರೂಪಾಯಿ ಕಡಿಮೆ.

"ಸೋಪಿಗೂ ಹಾಕ್ದಾ ಮಗಾ? ಅದು ಪುಕ್ಕಟೆ ಅಲ್ವಾ?" ಎಂದರು. ಮೇಲೆ ತೂಗುಹಾಕಿದ್ದ ಹಲಗೆಯಲ್ಲಿ 'ಎರಡು ಕೊಂಡರೆ ಒಂದು ಉಚಿತ' ಎಂದು ಬರೆದಿತ್ತು. ಯಾರೋ ಅದನ್ನು ಅವರಿಗೆ ಓದಿ ಹೇಳಿದ್ದರು. "ನಂಗೆ ಎರಡು ಬ್ಯಾಡ ಕಣವ್ವ. ಆ ಪುಕ್ಕಟೆ ಒಂದನ್ನೇ ತಗಂಡೆ" ಎಂದರು.

ಹಿಂದಿದ್ದ ಯಾರೋ ನಕ್ಕರು. ಇನ್ಯಾರೋ ಗಡಿಯಾರ ನೋಡಿ ನಾಲಿಗೆ ಲೊಚಗುಟ್ಟಿದರು. ಹಾಕಿದ ಸಾಮಾನನ್ನು ಬಿಲ್ಲಿನಿಂದ ತೆಗೆಯಬೇಕಾದರೆ ಮೇಲ್ವಿಚಾರಕರು ಬಂದು ತಮ್ಮ ಗುಪ್ತಸಂಖ್ಯೆ ಒತ್ತಬೇಕು. ಅವರು ಇನ್ನೊಂದು ತುದಿಯಲ್ಲಿದ್ದರು. ಕೆಲಸದ ಹೊತ್ತಿನಲ್ಲಿ ನಮ್ಮ ಮೈಮೇಲೆ ಸ್ವಂತ ದುಡ್ಡು ಇರಕೂಡದೆಂಬುದು ನಿಯಮ. ನನ್ನ ಹಣವೆಲ್ಲ ಒಳಗಿನ ಪೆಟ್ಟಿಗೆಯಲ್ಲಿತ್ತು. "ನಾಳೆ ಕೊಡಜ್ಜಿ" ಎನ್ನುವ ಎರಡು ಮಾತಿಗೆ ಆ ಇಡೀ ಮಳಿಗೆಯಲ್ಲಿ ಜಾಗವಿರಲಿಲ್ಲ. ಮೇಲ್ವಿಚಾರಕರು ಬರುವವರೆಗೆ ನಾವಿಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡದೆ ನಿಂತಿದ್ದೆವು. ಹತ್ತು ವರ್ಷದ ಹಿಂದೆ ಅವ್ವನ ಸೆರಗು ಹಿಡಿದು ಅಂಗಡಿಯ ಕಟ್ಟೆಯ ಪಕ್ಕ ನಿಂತಿದ್ದವಳು, ಈಗ ಕಟ್ಟೆಯ ಒಳಗಡೆ ನಿಂತಿದ್ದೆ. ಅಷ್ಟೇ ವ್ಯತ್ಯಾಸ. ಅಜ್ಜಿ ಸೋಪನ್ನು ಮೆಲ್ಲಗೆ ನನ್ನ ಕಡೆ ಸರಿಸಿ, ಬಿಸ್ಕತ್ತನ್ನು ಮೊಮ್ಮಗನ ಕೈಗೆ ಕೊಟ್ಟು ಹೋದರು.

ಅದೇ ಸೋಪನ್ನು ಕೊಂಡು ಅಂದು ಸಂಜೆ ಅವರ ಮನೆಗೆ ಹೋದೆ. ಜಗಲಿಯ ಮೇಲಿಟ್ಟು, ಮಳಿಗೆಯವರೇ ಕಳಿಸಿದ್ದಾರೆಂದು ಸುಳ್ಳು ಹೇಳಿದೆ. ಅಜ್ಜಿಯ ಕಣ್ಣು ಮಂಜಾಗಿರಬಹುದು, ಬುದ್ಧಿ ಮಂಜಾಗಿಲ್ಲ. "ನಿಮ್ಮಂಗ್ಡೀಲಿ ಸಾಲ ಇಲ್ಲ ಅಂದ್ಮೇಲೆ ನನ್ನ ಯಾಕವ್ವ ಸಾಲಗಾರ್ತಿ ಮಾಡೀಯೆ?" ಎಂದು ಒಳಗೆ ಹೋಗಿ ಡಬ್ಬಿಯಿಂದ ಚಿಲ್ಲರೆ ತಂದು ಒಂದೊಂದಾಗಿ ಎಣಿಸಿ ನನ್ನ ಕೈಗೆ ಹಾಕಿದರು. ಆಮೇಲೆ ದೊಡ್ಡ ಲೋಟದಲ್ಲಿ ಮಜ್ಜಿಗೆ ತಂದು, "ಇದ್ಕೆ ದುಡ್ಡು ಕೊಡಕ್ಕೆ ಬರ್ಬ್ಯಾಡ" ಎಂದರು.

ಸಾಲ ಬೇರೆ, ಋಣ ಬೇರೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದುದರ ಅರ್ಥ ನನಗೆ ಆ ಮಜ್ಜಿಗೆ ಕುಡಿಯುವಾಗ ಸ್ವಲ್ಪ ಆಯಿತು. ಪೂರ್ತಿ ಆದದ್ದು ಇನ್ನೊಂದು ರಾತ್ರಿ.

ದಿನದ ಕೊನೆಗೆ ಪ್ರತಿಯೊಬ್ಬ ಬಿಲ್ಲಿನವರೂ ತಮ್ಮ ಪೆಟ್ಟಿಗೆಯ ಹಣವನ್ನು ಎಣಿಸಿ ಯಂತ್ರದ ಲೆಕ್ಕಕ್ಕೆ ಸರಿದೂಗಿಸಿ ಒಪ್ಪಿಸಬೇಕು. ಆ ರಾತ್ರಿ ನನ್ನ ಪೆಟ್ಟಿಗೆಯಲ್ಲಿ 500 ರೂಪಾಯಿ ಕಡಿಮೆ ಬಂದಿತು. ಮೂರು ಸಲ ಎಣಿಸಿದೆ. ನೋಟು ನೋಟಿನ ನಡುವೆ ಊದಿ ನೋಡಿದೆ. ಯಾರಿಗೋ ಚಿಲ್ಲರೆ ಕೊಡುವಾಗ ಕೈ ತಪ್ಪಿರಬೇಕು. ಕಡಿಮೆ ಬಿದ್ದರೆ ಕೂಡಲೇ ನಾವೇ ತುಂಬಬೇಕು. ಒಳಗಿನ ಪೆಟ್ಟಿಗೆಯಲ್ಲಿ ನನ್ನದೆಂದು ಇದ್ದದ್ದು 50 ರೂಪಾಯಿ. ಹೊರಗೆ ಕಡೆಯ ಬಸ್ಸಿನ ಹೊತ್ತಾಗಿತ್ತು. ಅಳು ನುಂಗಿಕೊಂಡು ನಿಂತಿದ್ದಾಗ, ಎರಡನೆಯ ಕೌಂಟರಿನ ಅರಕಲಗೂಡಿನ ಅಕ್ಕ ಏನೂ ಮಾತಾಡದೆ ಒಳಗೆ ಹೋಗಿ 200 ರೂಪಾಯಿ ತಂದು ನನ್ನ ಮುಂದಿಟ್ಟರು. ಮೂಟೆ ಹೊರುವ ಹೊಳೆನರಸೀಪುರದ ಹುಡುಗ 100 ಇಟ್ಟ. ಬಾಗಿಲು ಕಾಯುವ ಚನ್ನರಾಯಪಟ್ಟಣದ ಅಣ್ಣ 100 ಇಟ್ಟರು. ನೆಲ ಒರೆಸುವ ಅಮ್ಮ ಸೊಂಟದ ಚೀಲದಿಂದ 50 ತೆಗೆದು, "ಹೋಗವ್ವ, ಬಸ್ ತಪ್ಪೋಯ್ತದೆ" ಎಂದರು. ನನ್ನ 50 ಸೇರಿ ಲೆಕ್ಕ ಸರಿಹೋಯಿತು. ಯಾರೂ ಯಾವ ಪುಸ್ತಕದಲ್ಲೂ ಬರೆದುಕೊಳ್ಳಲಿಲ್ಲ. ಸಂಬಳದ ದಿನ ಎಲ್ಲರಿಗೂ ಹಿಂತಿರುಗಿಸಿದೆ. ಎಲ್ಲರೂ ತೆಗೆದುಕೊಂಡರು, ನೆಲ ಒರೆಸುವ ಅಮ್ಮ ಎರಡು ಸಲ ಎಣಿಸಿಯೇ ತೆಗೆದುಕೊಂಡರು. ಸಾಲ ತೀರಿತು. ಋಣ ಹಾಗೆಯೇ ಇದೆ.

ಇಂಥವರ ಜೊತೆಯಲ್ಲಿಯೇ ನಾನು 2025ರ ಸೆಪ್ಟೆಂಬರ್ 21ರ ರಾತ್ರಿ ಕಳೆದೆ. ಮರುದಿನದಿಂದ ಸರಕು ಮತ್ತು ಸೇವಾ ತೆರಿಗೆ ಇಳಿಯುವುದಿತ್ತು. ಮೈಸೋಪು, ಶಾಂಪೂ, ಟೂತ್‌ಪೇಸ್ಟ್, ತಲೆಯೆಣ್ಣೆ, ಬಿಸ್ಕತ್ತುಗಳಿಗೆ ಶೇಕಡ 18 ಇದ್ದದ್ದು 5ಕ್ಕೆ. ಬೆಣ್ಣೆ ತುಪ್ಪಗಳಿಗೆ 12 ಇದ್ದದ್ದು 5ಕ್ಕೆ. ಬೆಳಗಾಗುವುದರೊಳಗೆ ಸಾಲುಸಾಲು ಹಲಗೆಗಳ ಬೆಲೆ ಚೀಟಿಗಳನ್ನೆಲ್ಲ ಬದಲಾಯಿಸಬೇಕು. ಅಂದು ಮಹಾಲಯ ಅಮಾವಾಸ್ಯೆ. ಮನೆಯಲ್ಲಿ ಹಿರಿಯರಿಗೆ ಎಡೆ ಇಟ್ಟು ಅವ್ವ ನನಗಾಗಿ ಕಾಯುತ್ತಿದ್ದಳು. ಬಸ್ಸು ಹೋಯಿತು. ನೆಲದ ಮೇಲೆ ಕಾಲು ಚಾಚಿ ಕುಳಿತು (ಆ ರಾತ್ರಿ ಗಿರಾಕಿಗಳಿಲ್ಲವಾದ್ದರಿಂದ ಕುಳಿತುಕೊಳ್ಳಲು ಅಡ್ಡಿಯಿರಲಿಲ್ಲ) ಚೀಟಿ ಹರಿಯುತ್ತ, ಚೀಟಿ ಸಿಕ್ಕಿಸುತ್ತ, ಅರಕಲಗೂಡಿನ ಅಕ್ಕ ಡಬ್ಬಿಯಲ್ಲಿ ತಂದಿದ್ದ ಎಡೆಯ ವಡೆಯನ್ನು ಎಂಟು ಪಾಲು ಮಾಡಿ ತಿಂದೆವು. ಪತ್ರಿಕೆಗಳು ಮರುದಿನ ಬೆಲೆ ಇಳಿದುದನ್ನು ಬರೆದವು. ಇಳಿಸಿದ ಕೈಗಳು ಆಗ ಅಕ್ಕನ ಬಾಡಿಗೆ ಕೋಣೆಯಲ್ಲಿ ನಿದ್ದೆಹೋಗಿದ್ದವು. ಅಕ್ಟೋಬರಿನಲ್ಲಿ ಹಾಸನಾಂಬೆಯ ಬಾಗಿಲು ತೆರೆದಾಗ ಊರಿಗೆ ಊರೇ ಜನಜಂಗುಳಿ. ನಮ್ಮ ಸಾಲುಗಳು ಬಾಗಿಲಿನಿಂದ ಹೊರಗೆ ಹೋದವು. ದೇವಿಯ ದರ್ಶನಕ್ಕೆ ಹೋಗಲು ನಮ್ಮಲ್ಲಿ ಒಬ್ಬರಿಗೂ ಬಿಡುವಾಗಲಿಲ್ಲ.

ಆ ಗದ್ದಲ ಮುಗಿದ ಮೇಲೆ ಒಂದು ಸಂಜೆ ವ್ಯವಸ್ಥಾಪಕರು ನನ್ನನ್ನು ಕರೆದು, ಕೆಲಸ ಚೆನ್ನಾಗಿದೆಯೆಂದೂ, ಈಗಲೇ ಪೂರ್ಣಾವಧಿಗೆ ಬಂದರೆ ಒಂದು ವಿಭಾಗದ ಜವಾಬ್ದಾರಿ ಕೊಡುವರೆಂದೂ, ಸಂಬಳ ಹೆಚ್ಚುವುದೆಂದೂ ಹೇಳಿದರು. "ಪರೀಕ್ಷೆ ಇದೆ, ಸರ್" ಎಂದೆ. ಅವರು ನಕ್ಕರು. ಆ ನಗುವಿನಲ್ಲಿ ಕುಹಕವಿರಲಿಲ್ಲ. "ನಾನೂ ಬಿ.ಕಾಂ. ಮಾಡಿದೋನೇ. ಅರಕಲಗೂಡಿನ ಹುಡುಗಿ ಬಿ.ಎ. ಮಾಡಿದ್ದಾಳೆ. ಡಿಗ್ರಿ ಮುಗಿಸ್ಕೊಂಡು ನೀನೂ ಇಲ್ಲಿಗೇ ಬರೋದಲ್ವೇನಮ್ಮಾ?" ಎಂದರು.

ಆ ಮಾತು ಮನೆಯವರೆಗೂ ನನ್ನ ಜೊತೆಗೆ ಬಂದಿತು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಅಪ್ಪನಿಗೆ ವಿಷಯ ಹೇಳಿದೆ. ಹೆಚ್ಚು ಬರುವ ಸಂಬಳವೆಷ್ಟೆಂದು ಕೇಳಿ ತಿಳಿದುಕೊಂಡರು. ಮುಚ್ಚುಮರೆ ಏಕೆ, ಕೇಳಿದಾಗ ಅವರ ಕಣ್ಣು ಒಂದು ಗಳಿಗೆ ಅರಳಿತು. ಆಮೇಲೆ ತಾವೇ, "ಬ್ಯಾಡ. ಅರ್ಧಕ್ಕೆ ಬಿಟ್ಟ ಉಳುಮೆ ಯಾತಕ್ಕೂ ಬರಾಕಿಲ್ಲ. ಮುಗಿಸು. ಆಮ್ಯಾಕೆ ಅದೇ ಅಂಗ್ಡಿಗೆ ಹೋಗ್ತೀನಿ ಅಂದ್ರೂ ಹೋಗು, ನಾನೇನ್ ಬ್ಯಾಡ ಅನ್ನಾಕಿಲ್ಲ" ಎಂದರು.

ಮರುದಿನ ಬೆಳಿಗ್ಗೆ ನಮ್ಮೂರಿನ ಲಕ್ಷ್ಮೀದೇವಿಯ ಗುಡಿಯ ಹತ್ತಿರ, ಕೆರೆಯ ಕಡೆಗೆ ಮುಖ ಮಾಡಿ ಸ್ವಲ್ಪ ಹೊತ್ತು ಕುಳಿತಿದ್ದೆ. ಹೊಯ್ಸಳರ ಮೊದಮೊದಲ ಗುಡಿಗಳಲ್ಲೊಂದು ಅದು. ಬೇಲೂರಿಗಿಂತ ನಾಲ್ಕು ವರ್ಷ ಹಿರಿಯದು. ವಿಷ್ಣುವರ್ಧನನ ಕಾಲದಲ್ಲಿ, ಕ್ರಿ.ಶ. 1113ರ ಸುಮಾರಿನಲ್ಲಿ ಅದನ್ನು ಕಟ್ಟಿಸಿದವನು ರಾಜನಲ್ಲ, ದಂಡನಾಯಕನಲ್ಲ. ಕುಲ್ಲಹಣ ರಾಹುತ ಎಂಬ ವರ್ತಕ ಮತ್ತು ಅವನ ಹೆಂಡತಿ ಸಹಜಾದೇವಿ. ಚಿಕ್ಕಂದಿನಿಂದ ಆ ಗುಡಿಯ ಅಂಗಳದಲ್ಲಿ ಆಡಿದವಳಾದರೂ, ಒಬ್ಬ ವ್ಯಾಪಾರಿಯ ಕೈಯಿಂದ ಆದದ್ದು ಅದೆಂಬುದು ಮನಸ್ಸಿಗೆ ತಟ್ಟಿದ್ದು ಆ ಬೆಳಿಗ್ಗೆಯೇ. ಅವನ ಅಂಗಡಿಯಲ್ಲೂ ತೂಗುವವರು, ಹೊರುವವರು, ಲೆಕ್ಕ ಬರೆಯುವವರು ಇದ್ದಿರಬೇಕು. ಅವರೂ ನಿಂತೇ ಇದ್ದಿರಬೇಕು. ಗಂಡ ಹೆಂಡಿರ ಹೆಸರನ್ನು ಕಲ್ಲು ಒಂಬೈನೂರು ವರ್ಷ ಕಾಪಾಡಿಕೊಂಡು ಬಂದಿದೆ. ನಮ್ಮ ಬಿಲ್ಲಿನ ಮೇಲೆ 'ಕ್ಯಾಷಿಯರ್' ಎಂದು ಬರೆದು ಮುಂದೆ ನನ್ನ ಸಂಖ್ಯೆ ಅಚ್ಚಾಗಿರುತ್ತದೆ. ಆ ಕಾಗದಕ್ಕೆ ಶಾಯಿಯಿಲ್ಲ, ಶಾಖದಿಂದ ಮೂಡುವ ಅಕ್ಷರ. ಅವ್ವ ಜೋಪಾನವಾಗಿಟ್ಟಿದ್ದ ಸಕ್ಕರೆಯ ಬಿಲ್ಲನ್ನು ಮೊನ್ನೆ ತೆಗೆದು ನೋಡಿದೆ. ಎಲ್ಲ ಅಳಿಸಿ ಬಿಳಿಯ ಹಾಳೆಯಾಗಿತ್ತು. ಅವ್ವ ಅದನ್ನು ಹಾಗೆಯೇ ಮಡಿಸಿ ಮತ್ತೆ ಡಬ್ಬಿಗೆ ಹಾಕಿದಳು.

ಬಿ.ಎ. ಮುಗಿಸುತ್ತೇನೆ. ಬಿ.ಎಡ್.ಗೆ ಅರ್ಜಿ ಹಾಕುತ್ತೇನೆ. ಅದರ ಶುಲ್ಕದ ಒಂದು ಭಾಗವನ್ನು ನಾಲ್ಕನೆಯ ಕೌಂಟರೇ ಕೂಡಿಸಿಕೊಟ್ಟಿದೆ. ಸೀಟು ಸಿಕ್ಕದಿದ್ದರೆ ವ್ಯವಸ್ಥಾಪಕರ ಮಾತೇ ನಿಜವಾಗಬಹುದು. ಹಾಗಾದರೂ ನಾನು ನಾಚಿಕೊಳ್ಳಲಾರೆ. ಕಟ್ಟೆಯ ಆಚೆ ನಿಂತವರ ಸೆರಗಿನ ಗಂಟಿನಲ್ಲಿ ಎಷ್ಟಿದೆಯೆಂದು ಒಂದು ಕ್ಷಣವಾದರೂ ಯೋಚಿಸಬಲ್ಲ ಒಬ್ಬಳು ಈಚೆ ನಿಂತಿರುವುದು ಕೆಟ್ಟದ್ದಲ್ಲ. ಆದರೆ ಆ ಹೊತ್ತಿಗೆ ನಮಗೊಂದು ಕುರ್ಚಿ ಬಂದಿರಬೇಕೆಂದು ಮಾತ್ರ ಆಸೆ. ಬಾರದಿದ್ದರೆ ಕೇಳುತ್ತೇನೆ. ಕೇಳಲು ಕಲಿಸಿದ್ದು ಈ ಕಾಲೇಜು.

ಸಹಪಾಠಿಗಳಲ್ಲಿ ಒಂದು ಬಿನ್ನಹ. ಮುಂದಿನ ಭಾನುವಾರ ನೀವು ಸಾಮಾನು ಕೊಳ್ಳಲು ಬಂದಾಗ ಮೊಬೈಲನ್ನು ಜೇಬಿಗಿಟ್ಟು, "ಏನ್ರೀ, ಚೆನ್ನಾಗಿದೀರಾ?" ಎಂದು ಒಂದು ಮಾತು ಕೇಳಿ. ಅದಕ್ಕೆ ತೆರಿಗೆಯಿಲ್ಲ. ಬಿಲ್ಲಿನ ಕೊನೆಯಲ್ಲಿ 'ಧನ್ಯವಾದಗಳು, ಮತ್ತೆ ಬನ್ನಿ' ಎಂದು ಯಂತ್ರ ತಾನೇ ಅಚ್ಚುಹಾಕುತ್ತದೆ. ಇಲ್ಲಿ ಮಾತ್ರ ಅದನ್ನು ನಾನೇ ಕೈಯಾರೆ, ಕುಳಿತುಕೊಂಡು ಬರೆಯುತ್ತಿದ್ದೇನೆ: ಧನ್ಯವಾದಗಳು, ಮತ್ತೆ ಬನ್ನಿ.